ಲಾರಿ ತರಲು ಹೋದವರು

ವ್ಯಾನಿನ ಮೂತಿಗೆ ದಪ್ಪ ಕಂಬಳಿ ಹೊದಿಸಿ ಸಾಯಾರಾ ಹಗ್ಗ ಬಿಗಿಯುತ್ತಿದ್ದಾಗ ಬೇಲಿಯಾಚೆ ಯಾರೋ ಕೆಮ್ಮಿದರು. ಬೆಳಗಿನ ಮಂಜು ಊರಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ನರಿತುಪ್ಪಳದ ಟೋಪಿಗಳು ಕಂಡವು, ಕೊನೆಗೆ ಅವುಗಳ ಕೆಳಗಿದ್ದ ಮೂವರು ಗಂಡಸರು. ಮುಂದೆ ನಿಂತವನು ಊರಿನ ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆ ನೋಡಿಕೊಳ್ಳುವ ಪ್ರೊಕೋಪಿ.

"ಎಲ್ಲಿಗಮ್ಮಾ ಸವಾರಿ?"

"ಬಟಗಾಯ್‌ಗೆ."

"ಬಟಗಾಯ್‌ಗಾ! ಈ ಡಬ್ಬಾದಲ್ಲಿ? ಸೊನ್ನೆಗಿಂತ ಐವತ್ತಾರು ಡಿಗ್ರಿ ಕೆಳಗಿಳಿದಿದೆ, ಇವತ್ತು ನಮ್ಮನೆ ನಾಯೀನೂ ಹೊರಗೆ ಕಾಲಿಟ್ಟಿಲ್ಲ."

"ನಿಮ್ಮ ನಾಯಿಗೆ ಅಲ್ಲಿ ಏನೂ ಕೆಲಸ ಇಲ್ಲ. ನಂಗಿದೆ. ನನ್ನ ಲಾರಿ ಅಲ್ಲಿದೆ."

ಹಿಂದಿದ್ದವನೊಬ್ಬ ಕಿಸಕ್ಕನೆ ನಕ್ಕ. "ಲಾರಿ ಜೊತೆ ಗಂಡನೂ ಅಲ್ಲೇ ಇದ್ದಾನಲ್ವಾ?"

"ಅವನು ಬೇಕಾದ್ರೆ ನೀನೇ ಹೋಗಿ ಕರ್ಕೊಂಡು ಬಾ. ನಂಗೆ ಲಾರಿ ಸಾಕು."

ಆ ಉರಾಲ್ ಲಾರಿ ಸಾಯಾರಾಳ ಅಪ್ಪನದು. ಸರ್ಕಾರಿ ಬೇಸಾಯದ ಕೇಂದ್ರ ಮುಚ್ಚಿದಾಗ ಗುಜರಿಗೆ ಹೊರಟಿದ್ದ ಗಾಡಿಯನ್ನು ಅವನು ಮನೆಗೆ ಎಳೆಸಿಕೊಂಡು ಬಂದು, ಬೇಸಿಗೆಗಳನ್ನೆಲ್ಲ ಅದರ ಅಡಿಯಲ್ಲೇ ಮಲಗಿ ಕಳೆದು, ನಟ್ಟು ಬೋಲ್ಟು ಬಿಡದೆ ಮತ್ತೆ ಕೂಡಿಸಿದ್ದ. ಪಕ್ಕದಲ್ಲಿ ದೀಪ ಹಿಡಿದು ಕೂತು, ಸೊಳ್ಳೆ ಕಚ್ಚಿಸಿಕೊಂಡು, ಕೇಳಿದ ಪಾನಾ ಕೈಗಿಡುತ್ತಿದ್ದವಳು ಮಗಳು. ಸಾಯುವ ಮುಂಚೆ ಅವನು ಬೀಗದ ಕೈ ಕೊಟ್ಟದ್ದೂ ಅವಳ ಕೈಗೇ, ಅಳಿಯನ ಕೈಗಲ್ಲ. ಮದುವೆಯಾದ ಮೇಲೆ ಗಂಡ ಗವ್ರೀಲನೂ ಅವಳೂ ಸರದಿಯ ಮೇಲೆ ಓಡಿಸುತ್ತಿದ್ದರು. ಅವನು ನಿದ್ದೆ ಮಾಡಿದರೆ ಅವಳು ಸ್ಟಿಯರಿಂಗ್ ಹಿಡಿಯುತ್ತಿದ್ದಳು, ಅವಳು ಕಣ್ಣು ಮುಚ್ಚಿದರೆ ಅವನು. ಆದರೂ ಊರಿನವರ ಬಾಯಲ್ಲಿ ಅದು ಯಾವತ್ತೂ ‘ಗವ್ರೀಲನ ಲಾರಿ’. ಅವಳು ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದಳು.

ಈ ವರ್ಷ ಹೊಳೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಮೇಲಿನ ಚಳಿದಾರಿ ತೆರೆದದ್ದೇ ತಡ, ಗವ್ರೀಲ ಹಿಟ್ಟಿನ ಮೂಟೆ ಹೇರಿಕೊಂಡು ಬಟಗಾಯ್‌ಗೆ ಹೋದವನು ವಾಪಸು ಬರಲಿಲ್ಲ. ಅಲ್ಲಿ ಗೋದಾಮಿನ ಪಕ್ಕ ಹೋಟೆಲು ನಡೆಸುವ ಒಬ್ಬಾಕೆಯ ಮನೆ ಸೇರಿಕೊಂಡಿದ್ದಾನೆ ಎಂದು ಡ್ರೈವರುಗಳು ಸುದ್ದಿ ತಂದರು. ಸಾಯಾರಾ ಫೋನು ಮಾಡಿದಳು. ಅವನು ಹೋದದ್ದಕ್ಕೆ ಅವಳು ಅಳಲಿಲ್ಲ, ಅಳುವಷ್ಟು ಅವನಲ್ಲಿ ಏನೂ ಉಳಿದಿರಲಿಲ್ಲ. "ನೀನು ಎಲ್ಲಾದ್ರೂ ಇರು, ಲಾರಿ ಕಳಿಸು" ಎಂದಳು. ಅವನು ನಕ್ಕುಬಿಟ್ಟ. "ಲಾರಿ ಇಟ್ಕೊಂಡು ಏನ್ಮಾಡ್ತೀಯೇ? ಈರುಳ್ಳಿ ಬೆಳೀತೀಯಾ ಅದ್ರಲ್ಲಿ?" ಆ ನಗುವೇ ಅವಳನ್ನು ಹೊರಡಿಸಿದ್ದು.

"ವ್ಯಾನೇನೋ ಹೋಗುತ್ತೆ ಅನ್ಕೋ," ಎಂದ ಪ್ರೊಕೋಪಿ, ಈಗ ಸ್ವಲ್ಪ ಮೆತ್ತಗೆ. "ಅಲ್ಲಿಂದ ಎರಡು ಗಾಡಿ ಹೇಗೆ ತರ್ತೀಯ? ನಿಂಗೇನು ನಾಲ್ಕು ಕೈಯಾ?"

ಆಗ ಮನೆಯ ಬಾಗಿಲು ತೆರೆಯಿತು. ಬಿಳಿ ಹಬೆಯ ಮೋಡದೊಳಗಿಂದ ಅತ್ತೆ ಅಕುಲೀನಾ ಬಂದಳು. ಕಾಲಿಗೆ ಹಿಮಸಾರಂಗದ ಚರ್ಮದ ಬೂಟು, ಮೈಮೇಲೆ ಸತ್ತ ಗಂಡನ ಕುರಿಚರ್ಮದ ಕೋಟು, ಕಂಕುಳಲ್ಲಿ ಒಂದು ಗಂಟು. ಯಾರ ಕಡೆಗೂ ನೋಡದೆ ನೆಟ್ಟಗೆ ಬಂದು ವ್ಯಾನಿನ ಮುಂದಿನ ಸೀಟು ಹತ್ತಿ ಕೂತಳು.

"ಅತ್ತೆ, ಇಳೀರಿ," ಎಂದಳು ಸಾಯಾರಾ.

"ವ್ಯಾನು ಯಾರ್ದು?"

"ನಿಮ್ದೇ."

"ಮತ್ತೆ? ನನ್ನ ವ್ಯಾನ್ ಹೋಗೋ ಕಡೆ ನಾನು ಹೋಗ್ತೀನಿ. ಬರುವಾಗ ನೀನು ಲಾರಿ ಓಡಿಸು, ನಾನು ಇದನ್ನ ಓಡಿಸ್ತೀನಿ." ಆಮೇಲೆ ಕಿಟಕಿಯಿಂದ ತಲೆ ಹಾಕಿ, "ಲೋ ಪ್ರೊಕೋಪಿ, ನಾನು ಟ್ರ್ಯಾಕ್ಟರ್ ಓಡಿಸ್ತಿದ್ದಾಗ ನಿನ್ನ ಮೂಗು ನಿಮ್ಮಮ್ಮ ಒರೆಸ್ತಿದ್ಲು. ದಾರಿ ಬಿಡೋ!" ಎಂದಳು.

ಅವನು ದಾರಿ ಬಿಟ್ಟ.

*

ಊರು ಮರೆಯಾಯಿತು. ಲಾರ್ಚ್ ಮರಗಳು ಮುಗ್ಗರಿಸಿ ನಿಂತ ಮುದುಕರ ಹಾಗೆ ಎರಡೂ ಬದಿಗೆ ಸಾಗಿಹೋದವು. ಆಕಾಶದಂಚಿನಲ್ಲಿ ಸೂರ್ಯ ಒಂದಿಷ್ಟು ಕೆಂಪು ತೋರಿಸಿ, ಮೇಲೆ ಬರುವ ಮನಸ್ಸಿಲ್ಲದವನಂತೆ ಅಲ್ಲೇ ಕೂತಿದ್ದ. ವ್ಯಾನಿನ ಒಳಗೆ ತಲೆಗೆ ಸೆಕೆ, ಕಾಲಿಗೆ ಮರಗಟ್ಟುವ ಚಳಿ. ಹಿಂದೆ ಡೀಸೆಲ್ ಡಬ್ಬಗಳು, ಹಾರೆ, ಕೊಡಲಿ, ಟಾರ್ಪಾಲು, ಬ್ಲೋಲ್ಯಾಂಪು, ಹೀಟರಿನ ಪಕ್ಕ ಬೆಚ್ಚಗೆ ಸುತ್ತಿಟ್ಟ ಎರಡು ಬ್ಯಾಟರಿ. ಅವನು ಲಾರಿಯನ್ನು ತಣ್ಣಗೆ ಎಲ್ಲೋ ನಿಲ್ಲಿಸಿದ್ದರೆ ಎಬ್ಬಿಸಬೇಕಾಗುತ್ತದೆ ಎಂದು ಸಾಯಾರಾ ಯೋಚಿಸಿಯೇ ಹೇರಿದ್ದಳು.

"ಅವನು ನಿಮ್ಮ ಮಗ," ಎಂದಳು ಅತ್ತೆಗೆ.

"ಗೊತ್ತು. ಹೆತ್ತವಳು ನಾನೇ, ಮರೆತಿಲ್ಲ."

"ನಾಳೆ ಅವನೆದುರು ನಿಂತಾಗ ನೀವು ಅವನ ಕಡೆ ಆಗಿಬಿಟ್ರೆ ನಾನೇನೂ ಅನ್ನಲ್ಲ."

ಅಕುಲೀನಾ ಗಂಟು ಬಿಚ್ಚಿ, ಚಳಿಗೆ ಕಲ್ಲಾದ ಹಸಿ ಮೀನಿನಿಂದ ಚಾಕುವಿನಲ್ಲಿ ಸುರುಳಿ ಹೆರೆದು, ಉಪ್ಪು ಮುಟ್ಟಿಸಿ ಸೊಸೆಯ ಬಾಯಿಗಿಟ್ಟಳು. "ಅವನಪ್ಪನೂ ಒಂದ್ಸಲ ಹೀಗೇ ಹೋಗಿದ್ದ ಕಣೇ. ಮನೇಲಿದ್ದ ಒಂದೇ ಕುದುರೆ ಹೊಡ್ಕೊಂಡು ಹೋದ. ಎರಡು ಚಳಿಗಾಲ ನಾನು ಸೌದೆ ಬೆನ್ನ ಮೇಲೆ ಹೊತ್ತೆ. ಕುದುರೆ ಕೇಳೋಕೆ ಹೋಗ್ಲಿಲ್ಲ, ಮರ್ಯಾದೆ ಅಂತ. ಊರೆಲ್ಲ ಅಂತು, ಅಕುಲೀನಾ ಎಷ್ಟು ಒಳ್ಳೇವ್ಳು ಅಂತ." ಅವಳು ಚಾಕು ಒರೆಸಿದಳು. "ಆ ಒಳ್ಳೆತನ ತಗೊಂಡು ಒಲೆಗೆ ಹಾಕ್ಲಾ? ಒಂದು ಹೊತ್ತಿನ ಸೌದೆಗೂ ಆಗ್ಲಿಲ್ಲ ಅದು."

ದಾರಿಯಲ್ಲಿ ಒಂದು ಟೈರು ಸಿಡಿಯಿತು. ಕೈಗವಸು ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ, ಹಾಕಿಕೊಂಡರೆ ನಟ್ಟು ಸಿಗುವುದಿಲ್ಲ. ಒಬ್ಬಳು ಬರಿಗೈಯಲ್ಲಿ ತಿರುಗಿಸುವುದು, ಇನ್ನೊಬ್ಬಳು ಅವಳ ಕೈಯನ್ನು ತನ್ನ ಕಂಕುಳಲ್ಲಿಟ್ಟು ಬಿಸಿ ಮಾಡುವುದು, ಹೀಗೆ ಅದಲು ಬದಲು ಮಾಡುತ್ತ ಟೈರು ಬದಲಿಸಿದರು. ಉಸಿರು ಬಾಯಿಂದ ಹೊರಬಿದ್ದು ಮರಳು ಸುರಿದಂತೆ ಸರಸರನೆ ಸದ್ದು ಮಾಡುತ್ತಿತ್ತು.

*

ದಾರಿಯ ನಡುವಿನ ಊರು ತೊಪೊಲಿನೊಯೆಯಲ್ಲಿ ಡ್ರೈವರುಗಳು ಉಣ್ಣುವ ಹೋಟೆಲಿಗೆ ಇಬ್ಬರೂ ಹೊಕ್ಕಾಗ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಮೂಲೆಯ ಮೇಜಿನಲ್ಲಿ ಗಡ್ಡದ, ಎವೆನ್ ಬುಡಕಟ್ಟಿನ ಡ್ರೈವರ್ ಒಬ್ಬ ಕುದುರೆ ಮಾಂಸದ ಸಾರು ಹೀರುತ್ತಿದ್ದ. ಅವನ ಹೆಸರು ಉಲ್ಗಾನ್. ಸಾಯಾರಾಳನ್ನು ಈ ದಾರಿಯಲ್ಲಿ ಎಷ್ಟೋ ಸಲ ಕಂಡವನು.

"ಗವ್ರೀಲನ ಹೆಂಡ್ತಿ ಅಲ್ವಾ? ನಿನ್ನ ಗಂಡ ಈ ಕಡೆಗೇ ಹೊರಟಿದ್ನಲ್ಲ! ಬಟಗಾಯ್‌ನಲ್ಲಿ ಮೀನು ಹೇರಿಸ್ಕೊಳ್ತಿದ್ದಾಗ ನಾನೇ ನೋಡಿದೆ. ನಂಗಿಂತ ಮುಂಚೆ ಹೊರಟ."

"ನಿನಗಿಂತ ಮುಂಚೆ?" ಸಾಯಾರಾ ಕೂರಲಿಲ್ಲ. "ಹಾಗಾದ್ರೆ ಎಲ್ಲಿ ಅವನು?"

ಉಲ್ಗಾನ್ ಚಮಚ ಕೆಳಗಿಟ್ಟ. "ದಾರೀಲಿ ಸಿಗ್ಲಿಲ್ಲ. ಹಳೇ ಹೊಳೆದಾರಿ ಹಿಡಿದ್ನೋ ಏನೋ. ಹತ್ತಿರ ಅಂತ ಕೆಲವರು ಹಾಗೆ ಹೋಗ್ತಾರೆ. ಅಲ್ಲಿ ಈಗ ಮಂಜುಗಡ್ಡೆ ಮೇಲೆ ನೀರು ಉಕ್ಕಿದೆ, ಯಾರೂ ಹೋಗ್ತಿಲ್ಲ." ಪಕ್ಕದವನು ನಡುವೆ ಬಾಯಿ ಹಾಕಿದ. "ಬರ್ತಾನೆ ಬಿಡಿ. ನೀವು ಹೆಂಗಸ್ರು ಇಲ್ಲೇ ಬೆಚ್ಚಗೆ ಕೂತಿರಿ. ಕೆಳಗೆ ಕಣಿವೇಲಿ ಅರವತ್ತಕ್ಕೆ ಇಳಿದಿದೆ. ನಾಳೆ ಬೆಳಕು ಹರಿದ ಮೇಲೆ ನಾವೇ ಯಾರಾದ್ರೂ ನೋಡ್ಕೊಂಡು ಬರ್ತೀವಿ."

"ಬೆಚ್ಚಗೆ ಕೂತೇ ಮೂರು ತಿಂಗಳಾಯ್ತು," ಎಂದಳು ಸಾಯಾರಾ. "ಅಲ್ಲಿ ನಿಂತಿರೋದು ನಮ್ಮಪ್ಪನ ಲಾರಿ."

ಅತ್ತೆ ಫ್ಲಾಸ್ಕಿಗೆ ಬಿಸಿ ಚಹಾ ತುಂಬಿಸಿಕೊಂಡಳು. ಮುಚ್ಚಳವನ್ನು ಅವಳು ಎರಡೆರಡು ಸಲ ಬಿಗಿಮಾಡುವುದನ್ನು ಸಾಯಾರಾ ನೋಡಿದಳು. ಮಗನ ಮೇಲೆ ಎಷ್ಟೇ ಕೋಪವಿದ್ದರೂ ಬೆರಳುಗಳಿಗೆ ಅದು ಗೊತ್ತಿರಲಿಲ್ಲ.

*

ಹಳೇ ಹೊಳೆದಾರಿಯಲ್ಲಿ ಅವರಿಗೆ ಮೊದಲು ಕಂಡದ್ದು ಹೊಗೆ. ಗಾಳಿಯ ಸುಳಿವಿಲ್ಲದ ಕಣಿವೆಯಲ್ಲಿ ಕಪ್ಪು ಹೊಗೆ ಕಂಬದಂತೆ ನೆಟ್ಟಗೆ ನಿಂತಿತ್ತು.

"ಟೈರು ಸುಡ್ತಿದಾನೆ," ಎಂದಳು ಅಕುಲೀನಾ. "ಬದುಕಿದಾನೆ."

ನೀಲಿ ಉರಾಲ್ ಹೊಳೆಯ ನಡುವೆ ಒಂದು ಬದಿಗೆ ವಾಲಿತ್ತು. ಮಂಜುಗಡ್ಡೆಯ ಮೇಲೆ ಉಕ್ಕಿದ ನೀರಿನೊಳಗೆ ಇಳಿದ ಚಕ್ರಗಳನ್ನು ಆ ನೀರೇ ಹೆಪ್ಪುಗಟ್ಟಿ ಅರ್ಧದವರೆಗೆ ಕಚ್ಚಿ ಹಿಡಿದಿತ್ತು. ಇಂಜಿನ್ನು ಸತ್ತಿತ್ತು. ಲಾರಿಯ ಪಕ್ಕದ ಹಲಗೆಗಳೂ ಬೆಂಕಿಗೆ ಹೋಗಿದ್ದವು. ಸಾಯಾರಾ ವ್ಯಾನನ್ನು ಒಣ ದಂಡೆಯ ಮೇಲೆ ನಿಲ್ಲಿಸಿ, ಇಂಜಿನ್ನು ಆರಿಸದೆ ಇಳಿದು ಓಡಿದಳು. ಕ್ಯಾಬಿನ್ನಿನ ಬಾಗಿಲು ಎಳೆದಾಗ ಮೂಟೆಯಂತೆ ಸುತ್ತಿಕೊಂಡಿದ್ದ ಮನುಷ್ಯ ತಲೆ ಎತ್ತಿದ. ಗಡ್ಡವೆಲ್ಲ ಬಿಳಿ, ಕೆನ್ನೆ ಬೂದಿ ಬಣ್ಣ. ತುಟಿ ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಂಗೊತ್ತಿತ್ತು," ಎಂದ ಗವ್ರೀಲ, ಮುಖದ ಮೇಲೆ ನಗುವಿನಂಥದ್ದೊಂದು ತಂದುಕೊಂಡು. "ನೀನು ನನ್ನ ಹುಡುಕ್ಕೊಂಡು ಬರ್ತೀಯ ಅಂತ ನಂಗೊತ್ತಿತ್ತು."

ಅಷ್ಟು ಚಳಿಯಲ್ಲೂ ಸಾಯಾರಾಳ ಕಿವಿ ಬಿಸಿಯಾಯಿತು. ಅವನ ಕಂಕುಳಿಗೆ ಕೈ ಕೊಟ್ಟು ಕೆಳಗಿಳಿಸುತ್ತ, "ನಿನ್ನ ಹುಡುಕಿ ಬಂದಿಲ್ಲ. ನನ್ನ ಲಾರಿ ಹುಡುಕಿ ಬಂದೆ. ನೀನು ಅದರೊಳಗಿದ್ದೆ ಅಷ್ಟೇ," ಎಂದಳು.

ಇಬ್ಬರೂ ಅವನನ್ನು ಹೊತ್ತು ವ್ಯಾನಿಗೆ ಹಾಕಿದರು. ನೀರಿಗಿಳಿದ ಎಡಗಾಲಿನ ಬೂಟು ಕಲ್ಲಾಗಿತ್ತು. ಅಕುಲೀನಾ ಚಾಕುವಿನಲ್ಲಿ ಅದನ್ನು ಸೀಳಿ ತೆಗೆದಳು. ಬೆರಳುಗಳು ಮೇಣದಂತೆ ಬಿಳಿಚಿಕೊಂಡಿದ್ದವು. ಅವಳು ಕೋಟು ಬಿಚ್ಚಿ, ಅಂಗಿ ಎತ್ತಿ, ಮಗನ ಪಾದವನ್ನು ತನ್ನ ಬರಿಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಮೈ ಜುಂ ಎಂದರೂ ಕೈ ಸಡಿಲಿಸಲಿಲ್ಲ, ಬಾಯನ್ನೂ ಸಡಿಲಿಸಲಿಲ್ಲ.

"ಕತ್ತೆ ಕಣೋ ನೀನು. ಹೊಟ್ಟೆ ಒಳಗೂ ಒದ್ದೆ, ಈಗ ಹೊರಗಿಂದಲೂ ಒದೀತಿದೀಯ. ಹತ್ತಿರದ ದಾರಿ ಅಂತೆ! ಯಾಕೋ, ಯಾವಳು ಕಾಯ್ತಿದ್ಲು ಈ ಕಡೆ?"

"ಅಮ್ಮಾ, ಕಾಲು ಉರೀತಿದೆ..."

"ಉರೀಲಿ. ಉರಿದ್ರೆ ಬದುಕಿದೆ ಅಂತ ಅರ್ಥ."

ಚಹಾ ಒಳಗಿಳಿದ ಮೇಲೆ ಗವ್ರೀಲನಿಗೆ ಮಾತು ಬಂತು. "ಸರಿ, ಹೊರಡೋಣ. ಆಸ್ಪತ್ರೆ ಸೇರಿಸಿ ನನ್ನ. ಲಾರಿ ಬಿಟ್ಬಿಡು ಸಾಯಾ. ಅದು ಮುಗೀತು. ಏಪ್ರಿಲ್‌ವರೆಗೂ ಅದನ್ನ ಯಾರೂ ಏಳಿಸಕ್ಕಾಗಲ್ಲ."

ಏಪ್ರಿಲ್ ಬರುವಷ್ಟರಲ್ಲಿ ಹೊಳೆ ಇನ್ನೂ ಎಷ್ಟು ಸಲ ಉಕ್ಕುತ್ತದೋ. ನೀರು ಬಾನೆಟ್ಟಿನವರೆಗೆ ಬಂದು ಹೆಪ್ಪುಗಟ್ಟಿದರೆ ಇಂಜಿನ್ನು ಬಿರಿಯುತ್ತದೆ, ಮಂಜು ಕರಗಿದಾಗ ಗಾಡಿ ನೀರಡಿಗೆ ಹೋಗುತ್ತದೆ. ಇದು ಮೂವರಿಗೂ ಗೊತ್ತಿತ್ತು.

ಸಾಯಾರಾ ಅತ್ತೆಯ ಮುಖ ನೋಡಿದಳು. "ಇವನ ಕಾಲು ಕಾಯಲ್ಲ. ನೀವು ಕರ್ಕೊಂಡು ಹೋಗಿ. ಬ್ಯಾಟರಿ, ಡೀಸೆಲ್ಲು, ಸಾಮಾನೆಲ್ಲ ಇಲ್ಲಿಳಿಸಿ. ನಾನು ಲಾರಿ ತರ್ತೀನಿ."

"ಒಬ್ಳೇನಾ? ಹುಚ್ಚು ಹಿಡಿದಿದ್ಯಾ?" ಗವ್ರೀಲ ಎದ್ದು ಕೂರಲು ನೋಡಿದ. "ನನ್ನ ಕೈಲೇ ಆಗ್ಲಿಲ್ಲ, ನಿನ್ನ ಕೈಲಾಗುತ್ತಾ? ಅಮ್ಮಾ, ಸಾಯ್ತಾಳೆ ಇವಳು, ಹೇಳು!"

ಅಕುಲೀನಾ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ತುಪ್ಪಳದ ಕೈಗವಸು ಬಿಚ್ಚಿ ಅವಳ ಕೈಗವಸಿನ ಮೇಲೇ ತೊಡಿಸಿದಳು.

"ಬೆವರಬೇಡ," ಎಂದಳು. "ಬೆವರು ಮೈಮೇಲೆ ಹೆಪ್ಪುಗಟ್ಟಿದ್ರೆ ಕೆಟ್ಟೆ. ನಿಧಾನವಾಗಿ ಮಾಡು. ಬೆಂಕಿ ಆರೋಕೆ ಬಿಡ್ಬೇಡ. ನಾನು ಇವನನ್ನ ಇಳಿಸಿ ವಾಪಸ್ ಬರ್ತೀನಿ. ಬರೋವಷ್ಟರಲ್ಲಿ ಇದು ಅಲ್ಲಾಡಿರ್ಲಿಲ್ಲ ಅಂದ್ರೆ ನಿನ್ನ ಜುಟ್ಟು ಹಿಡಿದು ಎಳ್ಕೊಂಡು ಹೋಗ್ತೀನಿ. ಗೊತ್ತಾಯ್ತಾ?"

"ಗೊತ್ತಾಯ್ತು ಅತ್ತೆ."

ಗವ್ರೀಲ ಇನ್ನೂ ಏನೋ ಕೂಗುತ್ತಿದ್ದ. ಮೊದಲು ಆಯಿಲ್ ಪ್ಯಾನ್ ಬಿಸಿ ಮಾಡಬೇಕು, ಹಾಗೆ, ಹೀಗೆ. ಅಕುಲೀನಾ ಅವನ ಮುಖದ ಮುಂದೆಯೇ ಬಾಗಿಲು ಎಳೆದು ಮುಚ್ಚಿದಳು.

*

ವ್ಯಾನಿನ ಸದ್ದು ಅಡಗಿದ ಮೇಲೆ ಕಣಿವೆಯಲ್ಲಿ ಉಳಿದದ್ದು ಬೆಂಕಿಯ ಚಟಪಟ ಮತ್ತು ಅವಳ ಉಸಿರಿನ ಸರಸರ.

ಸಾಯಾರಾ ಬಾನೆಟ್ಟಿನ ಮೇಲಿಂದ ನೆಲದವರೆಗೆ ಟಾರ್ಪಾಲು ಇಳಿಬಿಟ್ಟು ಗುಡಾರ ಮಾಡಿದಳು. ಉರಿಯುತ್ತಿದ್ದ ಟೈರಿನ ತುಂಡನ್ನು ತಗಡಿನ ಮೇಲೆ ಎಳೆದು ತಂದು ಇಂಜಿನ್ನಿನ ಹೊಟ್ಟೆಯ ಕೆಳಗೆ ತಳ್ಳಿದಳು. ಡೀಸೆಲ್ಲು ತುಪ್ಪದಂತೆ ಗಟ್ಟಿಯಾಗಿದ್ದ ಪೈಪುಗಳಿಗೆ ಬ್ಲೋಲ್ಯಾಂಪಿನ ಜ್ವಾಲೆಯನ್ನು ಅಷ್ಟಷ್ಟೇ ತೋರಿಸಿದಳು, ಸುಡುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅದು ಬಿಸಿಯಾಗುವ ಹೊತ್ತಿಗೆ ಹಾರೆ ಹಿಡಿದು ಚಕ್ರಗಳ ಸುತ್ತ ಮಂಜುಗಡ್ಡೆ ಒಡೆಯಲು ಶುರುಮಾಡಿದಳು. ಚೂರುಗಳು ಗಾಜಿನಂತೆ ಹಾರಿ ಕೆನ್ನೆಗೆ ಬಡಿದವು. ಮೈ ಬೆಚ್ಚಗಾಯಿತು ಅನ್ನಿಸಿದ ಕೂಡಲೇ ನಿಲ್ಲಿಸುತ್ತಿದ್ದಳು. ಬೆರಳು ಮರಗಟ್ಟತೊಡಗಿದರೆ ಮತ್ತೆ ಎತ್ತುತ್ತಿದ್ದಳು. ಕೋಪ ಇದ್ದವರಿಗೆ ನಿಧಾನವಾಗಿ ಕೆಲಸ ಮಾಡುವುದರಷ್ಟು ಕಷ್ಟ ಬೇರೆ ಇಲ್ಲ. ಹಾರೆ ಬೀಸಿ ಬೀಸಿ ಆ ನಗುವನ್ನೇ ಒಡೆದು ಹಾಕಬೇಕೆಂದು ಮನಸ್ಸು ಹಾತೊರೆಯುತ್ತಿತ್ತು. ಮೈ ಕೇಳುತ್ತಿರಲಿಲ್ಲ, ಕೇಳಬಾರದಿತ್ತು.

ಕತ್ತಲು ಬೇಗನೆ ಇಳಿಯಿತು. ಎರಡು ಚಕ್ರ ಬಿಡಿಸಿದ ಮೇಲೆ ಮೂರನೆಯದರ ಹತ್ತಿರ ಅವಳು ಒಂದು ಸಲ ಕೂತುಬಿಟ್ಟಳು. ಕೂತ ಕೂಡಲೇ ಹಿತವೆನಿಸಿತು. ಚಳಿ ದೂರ ಸರಿದಂತೆ, ಯಾರೋ ಹೊದಿಕೆ ಹೊದಿಸಿದಂತೆ. ಆ ಹಿತ ಏನೆಂದು ಅವಳಿಗೆ ಗೊತ್ತಿತ್ತು, ಈ ದಾರಿಯಲ್ಲಿ ಹಾಗೆ ಕೂತು ಏಳದವರನ್ನು ಅವಳು ಕಂಡಿದ್ದಳು. ತನ್ನ ಕೆನ್ನೆಗೆ ತಾನೇ ರಪ್ಪನೆ ಬಾರಿಸಿಕೊಂಡು ಎದ್ದಳು.

"ಏಳೇ!" ಎಂದು ಕಿರುಚಿದಳು, ತನಗೋ ಲಾರಿಗೋ ತಿಳಿಯದೆ. "ಅವನು ನಕ್ಕ ಅಂತ ನೀನು ಇಲ್ಲಿ ಸಾಯ್ತೀಯೇನೇ? ಏಳು!"

ಕೊನೆಯ ಚಕ್ರ ಬಿಟ್ಟಾಗ ಹಾರೆಯ ತುದಿ ಸೂಜಿಯಂತೆ ಮುರಿದುಹೋಗಿತ್ತು. ಅವಳು ಬ್ಯಾಟರಿ ಕೂರಿಸಿದಳು, ಹೊಸ ಡೀಸೆಲ್ಲು ಸುರಿದಳು, ಕ್ಯಾಬಿನ್ನು ಹತ್ತಿ ಬೀಗದ ಕೈ ತಿರುಗಿಸಿದಳು. ಇಂಜಿನ್ನು ಒಮ್ಮೆ ನರಳಿತು. ಎರಡನೆಯ ಸಲ ನರಳಲೂ ಇಲ್ಲ. ಅವಳು ಇಳಿದು, ಮತ್ತೆ ಬೆಂಕಿ ಕೂಡಿಸಿ, ಬ್ಯಾಟರಿಗಳನ್ನು ಟಾರ್ಪಾಲಿನೊಳಗೆ ತಂದಿಟ್ಟು, ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಕುಡಿದು ಕಾದಳು. ಬ್ಯಾಟರಿ ಮತ್ತೆ ಕೂರಿಸಿ ಹತ್ತಿದಳು. ಈ ಸಲ ಉರಾಲ್ ಕೆಮ್ಮಿತು, ಕ್ಷಯದ ರೋಗಿಯಂತೆ ಮೈಯೆಲ್ಲ ನಡುಗಿಸಿ ಕೆಮ್ಮಿತು, ಬಿಳಿ ಹೊಗೆ ಕಾರಿತು, ಮತ್ತೆ ನಿಲ್ಲಲಿಲ್ಲ.

ಅವಳು ಅಳಲಿಲ್ಲ. ಕಣ್ಣೀರು ರೆಪ್ಪೆಗೆ ಅಂಟಿದರೆ ದಾರಿ ಕಾಣುವುದಿಲ್ಲ.

ಎಲ್ಲ ಚಕ್ರಗಳಿಗೂ ಬಲ ಕೊಟ್ಟು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿದಳು. ಕೆಳಗೆ ಮಂಜುಗಡ್ಡೆ ಬಂದೂಕು ಹಾರಿಸಿದಂತೆ ಬಿರಿಯಿತು. ಲಾರಿ ಮೊಣಕಾಲೂರಿ ಏಳುವ ಎತ್ತಿನಂತೆ ಮುಂಭಾಗ ಎತ್ತಿ, ಒಂದೇ ನೂಕಿಗೆ ದಂಡೆ ಹತ್ತಿತು.

ತಿರುವಿನಾಚೆ ಎದುರಿನಿಂದ ಬೆಳಕು ಬಂತು. ಮುಂದೆ ವ್ಯಾನು, ಅದರ ಹಿಂದೆ ಉಲ್ಗಾನನ ದೊಡ್ಡ ಲಾರಿ. ಮೂರೂ ಗಾಡಿ ನಿಂತವು. ಅಕುಲೀನಾ ಇಳಿದು ಬಂದು, ಉರಾಲ್‌ನ ಮೆಟ್ಟಿಲು ಹತ್ತಿ, ಕಿಟಕಿಯೊಳಗೆ ಇಣುಕಿದಳು. ಸೊಸೆಯ ಮೂಗು, ಕೆನ್ನೆ, ಬೆರಳು ಒಂದೊಂದಾಗಿ ಮುಟ್ಟಿ ನೋಡಿದಳು.

"ಬಂದ್ಯಾ?"

"ಬಂದೆ ಅತ್ತೆ."

"ಏನಾದ್ರೂ ತಿಂದ್ಯಾ?"

"ಇಲ್ಲ."

"ಗೊತ್ತಿತ್ತು ನಂಗೆ," ಎಂದು ಬೈದು, ಎದೆಯೊಳಗೆ ಬಟ್ಟೆ ಸುತ್ತಿ ಬೆಚ್ಚಗಿಟ್ಟುಕೊಂಡಿದ್ದ ರೊಟ್ಟಿ ತೆಗೆದುಕೊಟ್ಟಳು.

ಉಲ್ಗಾನ್ ದೀಪ ಹಿಡಿದು ಲಾರಿಯ ಸುತ್ತ ಒಂದು ಸುತ್ತು ಬಂದ. "ನಾನು ಎಳೆಯೋಕೆ ಅಂತ ಸರಪಳಿ ತಂದಿದ್ದೆ," ಎಂದ, ಸ್ವಲ್ಪ ಬೇಸರವಾದವನ ಹಾಗೆ.

*

ಮರುದಿನ ತೊಪೊಲಿನೊಯೆಯ ಆಸ್ಪತ್ರೆಯಲ್ಲಿ ಗವ್ರೀಲ ದಿಂಬಿಗೊರಗಿ ಕೂತಿದ್ದ. ಕಾಲಿಗೆ ದೊಡ್ಡ ಪಟ್ಟಿ. ಎರಡು ಬೆರಳು ಉಳಿಯುವುದಿಲ್ಲ ಎಂದು ನರ್ಸ್ ಹೇಳಿದ್ದಳು. ಅವನ ಮುಖಕ್ಕೆ ಬಣ್ಣ ಮರಳಿತ್ತು, ಬಣ್ಣದ ಜೊತೆ ಹಳೆಯ ಗತ್ತೂ.

"ಲಾರಿ ಎಬ್ಬಿಸಿದ್ಯಂತೆ. ಭೇಷ್," ಎಂದ. "ಆಗಿದ್ದು ಆಗ್ಹೋಯ್ತು ಸಾಯಾ. ಮನೆಗೆ ಹೋಗೋಣ."

"ಮನೆಗೆ ನಾನು ಹೊರಟಿದೀನಿ. ನೀನೆಲ್ಲಿಗೆ ಹೋಗ್ತೀಯೋ ನಂಗೊತ್ತಿಲ್ಲ."

"ಹಾಗಾದ್ರೆ ನನ್ನ ಯಾಕೆ ಕಾಪಾಡ್ದೆ?"

"ದಾರೀಲಿ ಸಿಕ್ಕಿದ್ದೆ, ಕಾಪಾಡ್ದೆ. ನಾಯಿ ಸಿಕ್ಕಿದ್ರೂ ಎತ್ಕೊಂಡು ಬರ್ತಿದ್ದೆ."

"ನಾಯಿ ಆಗಿದ್ರೆ ಬಾಲನಾದ್ರೂ ಅಲ್ಲಾಡಿಸ್ತಿತ್ತು," ಎಂದಳು ಬಾಗಿಲಲ್ಲಿ ನಿಂತ ಅಕುಲೀನಾ.

ಗವ್ರೀಲ ತಾಯಿಯ ಕಡೆ ತಿರುಗಿದ. ಈಗ ಅವನ ದನಿ ಹುಡುಗನದಾಗಿತ್ತು. "ಅಮ್ಮಾ, ನೀನೂ ಹೋಗ್ತೀಯಾ?"

ಅವಳು ಹತ್ತಿರ ಬಂದು ಮಗನ ಹೊದಿಕೆಯ ಅಂಚನ್ನು ಕಾಲಿನ ಸುತ್ತ ಸರಿಯಾಗಿ ಸಿಕ್ಕಿಸಿದಳು. ಮೇಜಿನ ಮೇಲೆ ಬೇಯಿಸಿದ ಮಾಂಸದ ಪೊಟ್ಟಣ ಇಟ್ಟಳು. "ವಾಸಿಯಾದ ಮೇಲೆ ಫೋನ್ ಮಾಡು. ನಿನ್ನ ಬೈಯೋದು ಇನ್ನೂ ಬಹಳ ಇದೆ," ಎಂದು ಅವನ ತಲೆ ಸವರಿ ಹೊರಟಳು. ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸಾಯಾರಾ ಕಾದಳು.

ಲಾರಿಯಲ್ಲಿದ್ದ ಮೀನು ಸೇರಬೇಕಾದ ಕಡೆ ಸೇರಿತು. ವಾಪಸು ಹೋಗುವಾಗ ಹಿಟ್ಟು ಹೇರಿದಳು, ಅದಾದ ಮೇಲೆ ಇಂಧನ. ಆ ಚಳಿಗಾಲ ಪೂರ್ತಿ ಸಾಯಾರಾ ಆ ದಾರಿಯಲ್ಲಿ ಓಡಿದಳು, ವ್ಯಾನನ್ನು ಅಂಗಳದಲ್ಲಿ ಬಿಟ್ಟು ಪಕ್ಕದ ಸೀಟಿನಲ್ಲಿ ಅತ್ತೆ. ಮಾರ್ಚಿನಲ್ಲಿ ಗವ್ರೀಲ ಕುಂಟುತ್ತ ಊರಿಗೆ ಬಂದ. ಸಾಯಾರಾ ಚಹಾ ಕೊಟ್ಟಳು, ಜಾಮ್ ಕೊಟ್ಟಳು, ಲಾರಿಯ ಮಾತೆತ್ತಿದಾಗ ಎದ್ದು ಪಾತ್ರೆ ತೊಳೆಯಲು ಹೋದಳು. ಅವನು ತಾಯಿಯ ಹತ್ತಿರ ಎರಡು ದಿನ ಬೈಸಿಕೊಂಡು, ಯಾರದೋ ಗಾಡಿ ಹತ್ತಿ ಬಟಗಾಯ್‌ಗೆ ಹೋದ. ಪ್ರೊಕೋಪಿ ಮಾತ್ರ ಇನ್ನೂ ‘ಗವ್ರೀಲನ ಲಾರಿ’ ಎನ್ನುತ್ತಿದ್ದ. ಅವನ ಮನೆಗೆ ಬರಬೇಕಾದ ಹಿಟ್ಟನ್ನು ಸಾಯಾರಾ ಎರಡು ಸಲ ಬೀದಿಯ ಆ ತುದಿಯಲ್ಲೇ ಇಳಿಸಿ ಬಂದ ಮೇಲೆ ಅವನ ನಾಲಗೆಯೂ ತಿರುಗಿತು.

ಏಪ್ರಿಲ್ ಕೊನೆಯ ಓಡಾಟದಲ್ಲಿ, ಮಂಜುಗಡ್ಡೆ ಕಪ್ಪಾಗತೊಡಗಿದ್ದಾಗ, ಅವರು ಘಟ್ಟದ ತುದಿಯಲ್ಲಿ ಲಾರಿ ನಿಲ್ಲಿಸಿದರು. ಬಿಸಿಲು ಕಣ್ಣು ಕೋರೈಸುತ್ತಿತ್ತು. ಹೋಗಿ ಬರುವವರು ದಾರಿ ಬದಿಯ ಮರಕ್ಕೆ ಕಟ್ಟಿದ ಕುದುರೆ ಕೂದಲಿನ ಎಳೆಗಳು ಗಾಳಿಗೆ ಹಾರುತ್ತಿದ್ದವು. ಅಕುಲೀನಾ ಸಣ್ಣ ಬೆಂಕಿ ಹೊತ್ತಿಸಿ, ನೈವೇದ್ಯವೆಂದು ಅದಕ್ಕೆ ಒಂದು ದೋಸೆ ಹಾಕಿ, ದಾರಿ ಕಾಯುವ ದೇವರಿಗೆ ಎರಡು ಮಾತು ಹೇಳಲು ನಿಂತಳು. ಎಲ್ಲರೂ ಅಲ್ಲಿ ಕ್ಷೇಮ ಬೇಡುತ್ತಾರೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಣಿವೆಯ ಕಡೆ ನೋಡಿದಳು.

"ನೋಡಪ್ಪಾ, ಮುಂದಿನ ಚಳಿಗಾಲ ಮತ್ತೆ ಬರ್ತೀವಿ," ಎಂದಳು. "ನೀನು ಎಷ್ಟು ಬೇಕಾದ್ರೂ ಚಳಿ ಬೀಳಿಸ್ಕೋ. ಹೇಳ್ಲಿಲ್ಲ ಅನ್ಬೇಡ."

ಸಾಯಾರಾ ನಗುತ್ತ ಗೇರು ಹಾಕಿದಳು.